ತನ್ನ ತಪ್ಪನ್ನು ಕಲ್ಲಿನಲ್ಲಿ ಬರೆಸಿದ ದೊರೆ

ನಮ್ಮ ಕಾರ್ಯಕ್ರಮದ ವಿಯೆಟ್ನಾಂ ಕಂತಿನಲ್ಲಿ ತು ದುಕ್ ದೊರೆಯ ಸಮಾಧಿಗೆ ದೊರೆತದ್ದು ಕೇವಲ ಆರು ನಿಮಿಷ. ಕಿರುತೆರೆಯ ಲೆಕ್ಕದಲ್ಲಿ ಆರು ನಿಮಿಷವೆಂದರೆ ಸಾಕಷ್ಟು ದೀರ್ಘವೇ. ಆದರೆ ಅಲ್ಲಿ ಒಂದೂವರೆ ದಿನ ಕಳೆದು ಬಂದ ನಮಗೆ, ತೋರಿಸಿದ್ದಕ್ಕಿಂತ ತೋರಿಸದೆ ಉಳಿದದ್ದೇ ಹೆಚ್ಚೆಂಬ ಕೊರಗು ಉಳಿದಿದೆ. ಕೊಳ, ಮಂಟಪ, ಕಲ್ಲಿನ ಆನೆಗಳನ್ನು ಕ್ಯಾಮೆರಾ ಚೆನ್ನಾಗಿಯೇ ತೋರಿಸುತ್ತದೆ. ಒಂದು ಶಾಸನಗಲ್ಲಿನ ಮೇಲೆ ದೊರೆಯೊಬ್ಬ ತನ್ನ ಬಗ್ಗೆ ತಾನೇ ಏನು ಬರೆದುಕೊಂಡ, ಏಕೆ ಬರೆದುಕೊಂಡ ಎಂಬುದನ್ನು ಹೇಳಲು ಪುಸ್ತಕವೇ ಬೇಕು. ವಿದ್ಯಾರ್ಥಿ ಮಿತ್ರರ ಮುಂದೆ ಆ ಉಳಿದ ಕತೆಯನ್ನು ಇಲ್ಲಿ ಇಡುತ್ತಿದ್ದೇನೆ.

ಮಧ್ಯ ವಿಯೆಟ್ನಾಂನ ಹ್ವೇ ನಗರ 1802ರಿಂದ 1945ರವರೆಗೆ ನ್ಗುಯೆನ್ ರಾಜವಂಶದ ರಾಜಧಾನಿಯಾಗಿತ್ತು. ಒಟ್ಟು ಹದಿಮೂರು ಮಂದಿ ದೊರೆಗಳು ಈ ವಂಶದಲ್ಲಿ ಆಳಿದರು. ಊರಿನ ನಡುವೆ ಹರಿಯುವ ಹೊಳೆಗೆ ‘ಸುಗಂಧ ನದಿ’ ಎಂಬ ಚೆಲುವಾದ ಹೆಸರಿದೆ. ನದಿಯ ಉತ್ತರ ದಂಡೆಯಲ್ಲಿ ಕೋಟೆ ಮತ್ತು ಅರಮನೆ. ದಕ್ಷಿಣಕ್ಕೆ ಪೈನ್ ಮರಗಳ ಗುಡ್ಡಗಳ ನಡುವೆ ದೊರೆಗಳ ಸಮಾಧಿಗಳು. ಹೆಸರಾಂತ ಸಮಾಧಿಗಳು ಏಳು. ಅರಮನೆ, ಸಮಾಧಿಗಳೆಲ್ಲ ಸೇರಿದ ಹ್ವೇ ಸ್ಮಾರಕ ಸಮೂಹವನ್ನು ಯುನೆಸ್ಕೋ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರಿನಿಂದ ಏಳೆಂಟು ಕಿಲೋಮೀಟರು ದೂರದಲ್ಲಿದೆ ತು ದುಕ್ ಸಮಾಧಿ. ದಾರಿಯಲ್ಲಿ ತುಯ್ ಶ್ವಾನ್ ಎಂಬ ಹಳ್ಳಿ ಸಿಗುತ್ತದೆ. ರಸ್ತೆಯ ಎರಡೂ ಬದಿಗೆ ಊದುಬತ್ತಿಯ ಕಟ್ಟುಗಳನ್ನು ಹೂ ಅರಳಿದಂತೆ ಬಿಡಿಸಿ ಒಣಗಲು ಇಟ್ಟಿರುತ್ತಾರೆ. ಕೆಂಪು, ಹಳದಿ, ನೇರಳೆ, ಹಸಿರು. ಬೆಂಗಳೂರು, ಮೈಸೂರುಗಳಲ್ಲಿ ಊದುಬತ್ತಿ ಹೊಸೆಯುವುದನ್ನು ಕಂಡ ನಮ್ಮ ತಂಡಕ್ಕೆ ಆ ವಾಸನೆ ಮನೆಯಂತೆಯೇ ಅನ್ನಿಸಿತು. ವಿದೇಶ ಅನ್ನಿಸಿದ್ದು ಆಮೇಲೆ, ಸಮಾಧಿಯ ಬಾಗಿಲು ದಾಟಿದ ಮೇಲೆ.

ಒಳಗೆ ಕಾಲಿಟ್ಟ ಕೂಡಲೇ ನಮ್ಮ ಸಹಾಯಕ ಛಾಯಾಗ್ರಾಹಕ, ಮಂಡ್ಯದ ಹುಡುಗ, ಸುತ್ತ ನೋಡಿ ಕೇಳಿದ: “ಸಾರ್, ಇದು ಸಮಾಧಿನೋ ಪಾರ್ಕೋ?”

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಎದುರಿಗೆ ತಾವರೆಯ ಕೊಳ, ಕೊಳದ ನೀರಿನ ಮೇಲೆ ಕಂಬಗಳನ್ನೂರಿ ನಿಂತ ಮರದ ಮಂಟಪ, ಕೊಳದ ನಡುವೆ ಒಂದು ಪುಟ್ಟ ದ್ವೀಪ, ಸುತ್ತ ಪೈನ್ ಮರ, ದೇವಕಣಗಿಲೆ. ಸುಮಾರು 12 ಹೆಕ್ಟೇರಿನ ಆವರಣ. ಒಳಗೆ ಚಿಕ್ಕದು ದೊಡ್ಡದು ಸೇರಿ ಹತ್ತಿರ ಹತ್ತಿರ 50 ಕಟ್ಟಡಗಳು. ನಿಜಕ್ಕೂ ತು ದುಕ್ ಇದನ್ನು ಸಾಯುವುದಕ್ಕೆಂದಷ್ಟೇ ಅಲ್ಲ, ಬದುಕುವುದಕ್ಕೆಂದೂ ಕಟ್ಟಿಸಿದ. 1864ರಲ್ಲಿ ಕೆಲಸ ಆರಂಭವಾಗಿ 1867ರಲ್ಲಿ ಮುಗಿಯಿತು. ಆತ ಸತ್ತದ್ದು 1883ರಲ್ಲಿ. ನಡುವಿನ ಹದಿನಾರು ವರ್ಷ ಇದು ಅವನ ಎರಡನೆಯ ಅರಮನೆ. ಕೊಳದ ಮಂಟಪದಲ್ಲಿ ಕುಳಿತು ಪದ್ಯ ಬರೆಯುತ್ತಿದ್ದ. ಬರೆದದ್ದು ಒಂದೆರಡಲ್ಲ, ಸಾವಿರಾರು. ನಾಟಕ ನೋಡಲು ಆವರಣದೊಳಗೇ ಒಂದು ರಂಗಮಂದಿರ ಕಟ್ಟಿಸಿದ. ವಿಯೆಟ್ನಾಂನಲ್ಲಿ ಉಳಿದಿರುವ ಅತಿ ಹಳೆಯ ರಂಗಮಂದಿರಗಳಲ್ಲಿ ಅದೂ ಒಂದು. ತಾವರೆ ಎಲೆಯ ಮೇಲಿನ ಇಬ್ಬನಿಯನ್ನು ಸೇವಕರು ಬೆಳಗಿನ ಜಾವ ಸಂಗ್ರಹಿಸಿ ತಂದರೆ ಅದರಲ್ಲಿ ದೊರೆಗೆ ಚಹಾ ಆಗುತ್ತಿತ್ತಂತೆ, ಊಟಕ್ಕೆ ಐವತ್ತು ಬಗೆ ಇರುತ್ತಿತ್ತಂತೆ. ಮಾರ್ಗದರ್ಶಿಗಳು ಹೇಳುವ ಇಂಥ ಮಾತುಗಳಿಗೆ ‘ಅಂತೆ’ಯನ್ನು ಸೇರಿಸಿಕೊಂಡೇ ಕೇಳಬೇಕು.

ಈಗ ಒಂದು ಮುಖ್ಯ ಸಂಗತಿ. ಇಲ್ಲಿನ ಪ್ರತಿಯೊಂದು ಕಟ್ಟಡದ ಹೆಸರಿನಲ್ಲೂ ‘ಖಿಯೆಮ್’ ಎಂಬ ಶಬ್ದವಿದೆ. ಬಾಗಿಲು ವೂ ಖಿಯೆಮ್, ಕೊಳ ಲೂ ಖಿಯೆಮ್, ಮಂಟಪ ಶುಂಗ್ ಖಿಯೆಮ್, ಗುಡಿ ಹ್ವಾ ಖಿಯೆಮ್, ರಂಗಮಂದಿರ ಮಿನ್ ಖಿಯೆಮ್. ಇಡೀ ಆವರಣದ ಹೆಸರು ಖಿಯೆಮ್ ಲಾಂಗ್. ಖಿಯೆಮ್ ಎಂದರೆ ವಿನಯ, ನಮ್ರತೆ. 12 ಹೆಕ್ಟೇರಿನ ವಿನಯ! ಕೇಳಿ ನನಗೆ ಮೊದಲು ನಗುವೇ ಬಂತು. ಆದರೆ ಈ ಹೆಸರು ಮೊದಲಿನಿಂದ ಇದ್ದದ್ದಲ್ಲ ಎಂದು ತಿಳಿದ ಮೇಲೆ ನಗು ನಿಂತಿತು. ಕಟ್ಟಡ ಆರಂಭವಾದಾಗ ಇಟ್ಟ ಹೆಸರು ‘ವಾನ್ ನಿಯೆನ್’, ಅಂದರೆ ‘ಹತ್ತು ಸಾವಿರ ವರ್ಷ’. ಚಿರಕಾಲ ಬಾಳಲಿ ಎಂಬ ಹಾರೈಕೆ. ಹತ್ತು ಸಾವಿರ ವರ್ಷ ಇದ್ದಕ್ಕಿದ್ದಂತೆ ವಿನಯವಾದದ್ದು ಹೇಗೆ? ಅದಕ್ಕೆ 1866ರ ಸೆಪ್ಟೆಂಬರಿಗೆ ಹೋಗಬೇಕು.

ಅದಕ್ಕೂ ಮುನ್ನ ದೊರೆಯ ಪರಿಚಯ. ತು ದುಕ್ ಹುಟ್ಟಿದ್ದು 1829ರಲ್ಲಿ. ತಂದೆ ತಿಯೂ ಚೀ ಸತ್ತಾಗ, 1847ರಲ್ಲಿ, ಹಿರಿಯ ಮಗ ಹಾಂಗ್ ಬಾವ್‌ನನ್ನು ಬದಿಗಿಟ್ಟು ಕಿರಿಯನಾದ ಇವನನ್ನು ಗದ್ದುಗೆಗೆ ಏರಿಸಲಾಯಿತು. ಅಣ್ಣ ಇದನ್ನು ಒಪ್ಪಲಿಲ್ಲ, ಸಂಚು ಹೂಡಿದ, ಸಿಕ್ಕಿಬಿದ್ದು 1854ರಲ್ಲಿ ಸೆರೆಯಲ್ಲೇ ಸತ್ತ. ಹೀಗೆ ಆಳ್ವಿಕೆಯ ಮೊದಲ ಪುಟದಲ್ಲೇ ಒಡಹುಟ್ಟಿದವನ ಸಾವು ಸೇರಿಕೊಂಡಿತು. ಎಳವೆಯಲ್ಲಿ ತು ದುಕ್‌ಗೆ ಸಿಡುಬು ಬಂದಿತ್ತು. ಜೆನ್ನರ್ ಸಿಡುಬಿಗೆ ಲಸಿಕೆ ಕಂಡುಹಿಡಿದು (1796) ಆಗಲೇ ಮೂವತ್ತು ವರ್ಷ ಮೀರಿತ್ತು. ರೋಗದಿಂದ ಬದುಕಿ ಉಳಿದನಾದರೂ ಅವನಿಗೆ ಮಕ್ಕಳಾಗಲಿಲ್ಲ. ಸಿಡುಬು ಕೆಲವು ಗಂಡಸರಲ್ಲಿ ವೀರ್ಯನಾಳವನ್ನು ಮುಚ್ಚಿ ಬಂಜೆತನ ತರಬಲ್ಲದೆಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತು. ನೂರಕ್ಕೂ ಹೆಚ್ಚು ಮಡದಿಯರಿದ್ದರೆಂದು ಹೇಳುವ ಅರಮನೆಯಲ್ಲಿ ಒಂದು ತೊಟ್ಟಿಲೂ ತೂಗಲಿಲ್ಲ. ಅಣ್ಣತಮ್ಮಂದಿರ ಮೂವರು ಮಕ್ಕಳನ್ನು ದತ್ತು ತೆಗೆದುಕೊಂಡ. ತಾಯಿಯೆಂದರೆ ಅವನಿಗೆ ಅಪಾರ ಭಕ್ತಿ. ಆಕೆ ಹೇಳಿದ ಬುದ್ಧಿಮಾತುಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಆ ತಾಯಿ ತು ಜು ಮಗನಿಗಿಂತ ಹತ್ತೊಂಬತ್ತು ವರ್ಷ ಹೆಚ್ಚು ಕಾಲ ಬದುಕಿ 1902ರಲ್ಲಿ ತೀರಿಕೊಂಡಳು. ಹೋ ಚಿ ಮಿನ್ ನಗರದ ದೊಡ್ಡ ಹೆರಿಗೆ ಆಸ್ಪತ್ರೆಗೆ ಇಟ್ಟಿರುವುದು ಆಕೆಯ ಹೆಸರನ್ನೇ. ಮೊಮ್ಮಗನನ್ನು ಎತ್ತಿಕೊಳ್ಳದ ರಾಜಮಾತೆಯ ಹೆಸರಿನಲ್ಲಿ ಇಂದು ಸಾವಿರಾರು ಮಕ್ಕಳು ಹುಟ್ಟುತ್ತಿವೆ.

ಇವನ ಕಾಲದಲ್ಲೇ ಫ್ರೆಂಚರು ಬಂದರು. ಕ್ರೈಸ್ತ ಪಾದ್ರಿಗಳ ಮೇಲೆ ತು ದುಕ್‌ನ ಆಸ್ಥಾನ ಕಠಿಣ ಆಜ್ಞೆಗಳನ್ನು ಹೊರಡಿಸಿತ್ತು. ಕೆಲವು ಪಾದ್ರಿಗಳ ತಲೆ ಉರುಳಿತ್ತು. ಪದ್ಯ ಬರೆಯುವ ಮೃದು ಹೃದಯದ ದೊರೆ ಎಂದು ಅವನನ್ನು ಚಿತ್ರಿಸುವಾಗ ಇದನ್ನು ಮರೆಮಾಚುವುದು ತಪ್ಪು. ಅದೇ ನೆಪವಾಗಿ ಫ್ರೆಂಚ್ ಮತ್ತು ಸ್ಪೇನ್ ಹಡಗುಗಳು 1858ರ ಸೆಪ್ಟೆಂಬರಿನಲ್ಲಿ ಹ್ವೇಗೆ ಸಮೀಪದ ದಾ ನಾಂಗ್ ಬಂದರಿನ ಮೇಲೆ ಗುಂಡು ಹಾರಿಸಿದವು. ಮರುವರ್ಷ ಸೈಗಾನ್ ಬಿತ್ತು. 1862ರ ಒಪ್ಪಂದದಲ್ಲಿ ದಕ್ಷಿಣದ ಮೂರು ಪ್ರಾಂತಗಳನ್ನು ಬಿಟ್ಟುಕೊಡಬೇಕಾಯಿತು; ಜೊತೆಗೆ ಭಾರಿ ಪರಿಹಾರಧನ ಬೇರೆ.

ಬೊಕ್ಕಸ ಬರಿದಾಗಿದ್ದ ಈ ಹೊತ್ತಿನಲ್ಲೇ, 1864ರಲ್ಲಿ, ಸಮಾಧಿಯ ಕೆಲಸ ಆರಂಭವಾದದ್ದು. ಸಾವಿರಾರು ಸೈನಿಕರನ್ನೂ ಆಳುಗಳನ್ನೂ ಕಾಡಿಗೆ ಕರೆತಂದರು. ಆರು ವರ್ಷದಲ್ಲಿ ಮುಗಿಸಬೇಕೆಂದಿದ್ದ ಕೆಲಸವನ್ನು ಮೂರೇ ವರ್ಷದಲ್ಲಿ ಮುಗಿಸಿ ಮೆಚ್ಚುಗೆ ಗಳಿಸಲು ಉಸ್ತುವಾರಿಯ ಅಧಿಕಾರಿಗಳು ಹೊರಟರು. ಅವಸರ ಯಾರ ಬೆನ್ನಿನ ಮೇಲೆ ಇಳಿಯುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ. ಆ ಗೋಡೆಗಳಿಗೆ ಸಿಮೆಂಟು ಬಳಸಿಲ್ಲ, ಸುಣ್ಣದ ಗಾರೆ ಬಳಸಿದ್ದಾರೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು, ಬೆಲ್ಲದ ಪಾಕ ಸೇರಿಸಿ ಕುಟ್ಟಿ ಕುಟ್ಟಿ ಹದ ಮಾಡಬೇಕು. ನಮ್ಮಲ್ಲೂ ಹಳೆಯ ಮನೆಗಳ ತಾರಸಿಗೆ ಬೆಲ್ಲ, ಅಳಲೆಕಾಯಿ ಹಾಕಿ ಗಾರೆ ಅರೆಯುತ್ತಿದ್ದುದನ್ನು ನಿಮ್ಮ ಅಜ್ಜಂದಿರು ಹೇಳಿಯಾರು. ಗೋಡೆಗೆ ಮೆತ್ತಿದ ಗಾರೆ ವರ್ಷಗಟ್ಟಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಮತ್ತೆ ಕಲ್ಲಾಗುತ್ತದೆ. ಬಹಳ ಸುಂದರವಾದ ಚಕ್ರ. ಆದರೆ ಅರಳಿದ ಸುಣ್ಣ ತೀವ್ರ ಕ್ಷಾರ. ದಿನವಿಡೀ ಅದರಲ್ಲಿ ಕೆಲಸ ಮಾಡಿದವನ ಅಂಗೈ ಸುಲಿಯುತ್ತದೆ, ಸಿಡಿದ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಕಾಲೇಜಿನ ಪ್ರಯೋಗಾಲಯದಲ್ಲಿ ಸುಣ್ಣದ ತಿಳಿನೀರಿಗೆ ಊದಿ ಅದು ಹಾಲಿನಂತಾಗುವುದನ್ನು ನೋಡಿ ಸಂತೋಷಪಟ್ಟಿದ್ದ ನನಗೆ, ಆ ಸಮೀಕರಣದ ಈ ಇನ್ನೊಂದು ಮಗ್ಗುಲು ಹೊಳೆದದ್ದು ಹ್ವೇಯಲ್ಲಿ, ಆ ಗೋಡೆಯ ಮುಂದೆ.

ಈ ಗಾರೆ ಕುಟ್ಟುವ ಒನಕೆಗಳನ್ನೇ ಹಿಡಿದು 1866ರ ಸೆಪ್ಟೆಂಬರಿನ ಒಂದು ರಾತ್ರಿ ಕೆಲಸಗಾರರು ಅರಮನೆಯತ್ತ ನುಗ್ಗಿದರು. ಮುಂದಾಳು ದ್ವಾನ್ ಚುಂಗ್, ಇಪ್ಪತ್ತೆರಡರ ತರುಣ, ವಿದ್ಯಾವಂತ, ದೊರೆಯ ಚಿಕ್ಕಪ್ಪನೊಬ್ಬನ ಅಳಿಯ. ತು ದುಕ್‌ನನ್ನು ಇಳಿಸಿ, ಸೆರೆಯಲ್ಲಿ ಸತ್ತ ಹಾಂಗ್ ಬಾವ್‌ನ ಮಗನನ್ನು ಗದ್ದುಗೆಗೆ ತರಬೇಕೆಂಬುದು ಅವರ ಯೋಜನೆ. ಅರಮನೆಯ ಒಳಗಿನವರೆಗೂ ಹೋದರು. ಅಲ್ಲಿ ಸೋತರು. ಮುಂದಾಳುಗಳನ್ನು ಕೊಂದರು, ಹಾಂಗ್ ಬಾವ್‌ನ ಮಗನಿಗೂ ಅವನ ಕುಟುಂಬಕ್ಕೂ ಅದೇ ಗತಿಯಾಯಿತು. ವಿಯೆಟ್ನಾಂ ಚರಿತ್ರೆಯಲ್ಲಿ ಇದಕ್ಕೆ ‘ಸುಣ್ಣದ ಒನಕೆಯ ದಂಗೆ’ ಎಂದೇ ಹೆಸರು. ಒನಕೆ ಎಂದೊಡನೆ ನಮಗೆ ಚಿತ್ರದುರ್ಗದ ಓಬವ್ವ ನೆನಪಾಗುವುದು ಸಹಜ. ಆದರೆ ಓಬವ್ವನ ಒನಕೆ ಕೋಟೆಯನ್ನು ಕಾಯಲು ಎತ್ತಿದ್ದು. ಇದು ಕೋಟೆಯೊಳಗಿನವನ ಮೇಲೆಯೇ ಎತ್ತಿದ್ದು.

ದಂಗೆ ಅಡಗಿದ ಮೇಲೆ ‘ಹತ್ತು ಸಾವಿರ ವರ್ಷ’ ಹೋಗಿ ‘ವಿನಯ’ ಬಂತು. ಇದು ಪಶ್ಚಾತ್ತಾಪವೋ, ಜನರ ಬಾಯಿ ಮುಚ್ಚಿಸುವ ಉಪಾಯವೋ? ಎರಡೂ ಇದ್ದಿರಬಹುದೆಂದು ನನಗನ್ನಿಸುತ್ತದೆ. ಕೆಲಸ ಮಾತ್ರ ನಿಲ್ಲಲಿಲ್ಲ. ಮರುವರ್ಷವೇ ಮುಗಿಯಿತು.

ಕೊಳದಿಂದ ಮುಂದೆ ಗೌರವಾಂಗಣ. ಎರಡು ಸಾಲು ಕಲ್ಲಿನ ಅಧಿಕಾರಿಗಳು, ಆನೆ, ಕುದುರೆ. ವಿಗ್ರಹಗಳು ತೀರ ಕುಳ್ಳ. ದೊರೆ ಸುಮಾರು 153 ಸೆಂಟಿಮೀಟರು ಎತ್ತರವಿದ್ದನೆಂದೂ ಅಧಿಕಾರಿಗಳು ದೊರೆಗಿಂತ ಎತ್ತರ ಕಾಣಬಾರದೆಂದು ಹೀಗೆ ಮಾಡಿದರೆಂದೂ ಮಾರ್ಗದರ್ಶಿಗಳು ಹೇಳುತ್ತಾರೆ. ಅವನ್ನು ದಾಟಿದರೆ ಶಾಸನ ಮಂಟಪ.

ಮಂಟಪದೊಳಗಿನ ಕಲ್ಲಿನ ತೂಕ ಸುಮಾರು 20 ಟನ್. ಸುಮಾರು 500 ಕಿಲೋಮೀಟರು ಉತ್ತರದ ತಾನ್ ಹ್ವಾ ಪ್ರಾಂತದಿಂದ ತಂದದ್ದು. ತರಲು ನಾಲ್ಕು ವರ್ಷ ಹಿಡಿಯಿತೆನ್ನುತ್ತಾರೆ. ನಾನು ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕ ಹಾಕಿದೆ. ಸಮತಟ್ಟಾದ ನೆಲದಲ್ಲಿ ಮರದ ದಿಮ್ಮಿಗಳ ಹಳಿಯ ಮೇಲೆ ಎಳೆದರೂ ಘರ್ಷಣೆ ತೂಕದ ಮೂರನೆಯ ಒಂದು ಭಾಗದಷ್ಟಿರುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಆರೂವರೆ ಟನ್ನಿನಷ್ಟು ಎಳೆತ. ಒಬ್ಬ ಆಳು ನಿಂತು ಎಡೆಬಿಡದೆ ಎಳೆಯಬಲ್ಲದ್ದು ಇಪ್ಪತ್ತೈದು ಕಿಲೋ. ಸುಮಾರು 260 ಜನ ಒಂದೇ ಹಗ್ಗಕ್ಕೆ. ಏರು ಬಂದರೆ, ಹೊಳೆ ಅಡ್ಡ ಬಂದರೆ, ಮಳೆ ಹಿಡಿದರೆ? ಹ್ವೇಯ ಮಳೆಯನ್ನು ನಾವೂ ಕಂಡೆವು; ಆ ಬೆಳಿಗ್ಗೆ ಎರಡು ಗಂಟೆ ಕಾಲ ಕ್ಯಾಮೆರಾಕ್ಕೆ ಕೊಡೆ ಹಿಡಿದು ಈ ಮಂಟಪದಲ್ಲೇ ನಿಂತಿದ್ದೆವು. ಅದರಿಂದ ಒಂದು ಲಾಭವಾಯಿತು. ಬೇರೆ ಯಾರೂ ನಿಲ್ಲದಷ್ಟು ಹೊತ್ತು ಆ ಕಲ್ಲಿನ ಮುಂದೆ ನಿಂತೆವು.

ಅಲ್ಲಿನ ಪದ್ಧತಿಯಂತೆ ತಂದೆಯ ಸಮಾಧಿಯ ಶಾಸನವನ್ನು ಮಗ ಬರೆಸಬೇಕು. ತಂದೆಯ ಗುಣಗಾನ ಮಗನ ಕರ್ತವ್ಯ. ಗುಣಗಾನವೆಂದರೆ ನಮಗೂ ಹೊಸದಲ್ಲ. ಐಹೊಳೆಯ ಮೇಗುಟಿ ಗುಡಿಯಲ್ಲಿ 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನು ಹೊಗಳಿದ ಶಾಸನವನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಲೋಕದ ರಾಜಶಾಸನಗಳಲ್ಲಿ ಹೆಚ್ಚಿನವು ಗೆದ್ದದ್ದನ್ನು, ಕೊಟ್ಟದ್ದನ್ನು ಹೇಳುತ್ತವೆ. ತು ದುಕ್‌ಗೆ ಮಗನಿರಲಿಲ್ಲ. ಆದ್ದರಿಂದ ತನ್ನ ಶಾಸನವನ್ನು ತಾನೇ ಬರೆದ. ಬದುಕಿದ್ದಾಗಲೇ, ಚೀನೀ ಲಿಪಿಯ ಸುಮಾರು ಐದು ಸಾವಿರ ಅಕ್ಷರಗಳಲ್ಲಿ. ಅದರಲ್ಲಿ ತನ್ನ ಬಾಳಿನ ಕತೆಯನ್ನು ಹೇಳುತ್ತಾನೆ: ಬಾಲ್ಯ, ಕಾಯಿಲೆ, ಮಕ್ಕಳಿಲ್ಲದ ದುಃಖ, ರಾಜ್ಯಕ್ಕೆ ಬಂದ ಆಪತ್ತು, ಮತ್ತು ಆ ಆಪತ್ತನ್ನು ತಡೆಯಲಾಗದ ತನ್ನ ತಪ್ಪು. ಸೋಲನ್ನು ಒಪ್ಪಿಕೊಂಡ ರಾಜಶಾಸನ! ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇದು ಬಹಳ ಹಿಡಿಸಿತು. ಪ್ರಯೋಗ ವಿಫಲವಾದರೆ ವಿಫಲವಾಯಿತೆಂದು ಬರೆಯಬೇಕು ಎಂದೇ ನಮಗೆ ಕಲಿಸಿದ್ದರು. ಹಾಗೆ ಬರೆದವರು ನಮ್ಮಲ್ಲಿ ಕಡಿಮೆ, ಅದು ಬೇರೆ ಮಾತು.

ಮಳೆ ನಿಂತಾಗ ಅಲ್ಲಿನ ಶಾಲೆಯೊಂದರ ಮಕ್ಕಳ ಗುಂಪು ಬಂತು. ಕಲ್ಲಿನ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಇದರಲ್ಲಿ ಏನು ಬರೆದಿದೆ ಎಂದು ಕೇಳಿದೆವು. ಓದಲು ಬರುವುದಿಲ್ಲ ಎಂದು ನಕ್ಕರು. ಅವರದು ತಪ್ಪಲ್ಲ. ವಿಯೆಟ್ನಾಂ ಭಾಷೆಯನ್ನು ಈಗ ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಚೀನೀ ಲಿಪಿಯಲ್ಲಿ ಪ್ರಬಂಧ ಬರೆದು ಅಧಿಕಾರಿಯಾಗುವ ಹಳೆಯ ಪರೀಕ್ಷೆ ಹ್ವೇಯಲ್ಲಿ ಕೊನೆಯ ಬಾರಿ ನಡೆದದ್ದು 1919ರಲ್ಲಿ. ತನ್ನ ಜನರಿಗೆಂದು ದೊರೆ ಕೆತ್ತಿಸಿದ ತಪ್ಪೊಪ್ಪಿಗೆಯನ್ನು ಇಂದು ಆ ಜನರ ಮೊಮ್ಮಕ್ಕಳು ಅನುವಾದದಲ್ಲೇ ಓದಬೇಕು.

ಈ ಕಲ್ಲಿನಿಂದ ನನಗೆ ದೊರೆಯ ಮೇಲೆ ಮರುಕ ಹುಟ್ಟಿತು ಎಂಬುದು ನಿಜ. ಆದರೆ ಹ್ವೇಯಲ್ಲೇ ಇನ್ನೊಂದು ಕಲ್ಲಿದೆ. ಅದನ್ನು ನೋಡದೆ ಇದನ್ನು ಪೂರ್ತಿ ಓದಿದಂತಾಗುವುದಿಲ್ಲ. ಸುಗಂಧ ನದಿಯ ಉತ್ತರ ದಂಡೆಯಲ್ಲಿ, ತಿಯೆನ್ ಮೂ ಪಗೋಡದಿಂದ ಸ್ವಲ್ಪ ಮುಂದೆ, ಕನ್‌ಫ್ಯೂಷಿಯಸ್‌ನ ಗುಡಿಯ ಆವರಣವಿದೆ. ನ್ಗುಯೆನ್ ದೊರೆಗಳ ಕಾಲದಲ್ಲಿ ಅತ್ಯುನ್ನತ ಪರೀಕ್ಷೆಯಲ್ಲಿ ಗೆದ್ದವರ ಹೆಸರುಗಳನ್ನು ಕೆತ್ತಿದ 32 ಶಿಲೆಗಳು ಅಲ್ಲಿ ನಿಂತಿವೆ. ಅವುಗಳಲ್ಲಿ ಸೇರಿದ್ದ ಹೆಸರು ಫಾನ್ ತಾನ್ ಜಾನ್. 1826ರಲ್ಲಿ ಆ ಪರೀಕ್ಷೆಯಲ್ಲಿ ಗೆದ್ದವನು. ದಕ್ಷಿಣ ಪ್ರಾಂತಗಳಿಂದ ಆ ಪದವಿ ಪಡೆದ ಮೊದಲಿಗ. ಮೂವರು ದೊರೆಗಳ ಸೇವೆಯಲ್ಲಿ ತಲೆ ಹಣ್ಣಾದವನು. 1862ರ ಒಪ್ಪಂದಕ್ಕೆ ಸಹಿ ಹಾಕಲು ಕಳಿಸಿದ್ದು ಇವನನ್ನೇ. ಕಳೆದ ಪ್ರಾಂತಗಳನ್ನು ಕೇಳಿ ಪಡೆಯಲೆಂದು 1863ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಹಡಗು ಹತ್ತಿ ಪ್ಯಾರಿಸ್ಸಿಗೆ ಹೋಗಿ ಮೂರನೆಯ ನೆಪೋಲಿಯನ್ನನನ್ನು ಕಂಡವನೂ ಇವನೇ. ಬೇಡಿಕೆ ಕೊನೆಗೂ ಈಡೇರಲಿಲ್ಲ. ಫ್ರಾನ್ಸಿನ ಕಾರ್ಖಾನೆ, ಹಡಗು, ಫಿರಂಗಿಗಳನ್ನು ಕಣ್ಣಾರೆ ಕಂಡು ಬಂದಿದ್ದ.

ದಕ್ಷಿಣದ ಉಳಿದ ಮೂರು ಪ್ರಾಂತಗಳನ್ನು ನೋಡಿಕೊಳ್ಳಲು ತು ದುಕ್ ಇವನನ್ನೇ ನೇಮಿಸಿದ. 1867ರ ಜೂನಿನಲ್ಲಿ ಫ್ರೆಂಚ್ ಹಡಗುಗಳು ಕೋಟೆಯ ಮುಂದೆ ಬಂದು ನಿಂತಾಗ, ಕಾದಾಡಿ ಪ್ರಯೋಜನವಿಲ್ಲ, ಜನ ಸಾಯುವುದಷ್ಟೇ ಎಂದು ನಿರ್ಧರಿಸಿ ಕೋಟೆ ಬಿಟ್ಟುಕೊಟ್ಟ. ಬಳಿಕ ಅನ್ನ ಬಿಟ್ಟ. ಕೊನೆಗೆ ವಿಷ ಕುಡಿದು ಪ್ರಾಣ ಬಿಟ್ಟ. ಖಿಯೆಮ್ ಸಮಾಧಿ ಕಟ್ಟಿ ಮುಗಿದದ್ದು ಅದೇ ವರ್ಷ. ಮರುವರ್ಷ ಆಸ್ಥಾನ ವಿಚಾರಣೆ ನಡೆಸಿ ಸತ್ತವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಅವನ ಪದವಿಗಳನ್ನು ಕಿತ್ತುಕೊಂಡರು. ವಿದ್ವಾಂಸರ ಶಿಲೆಯಿಂದ ಅವನ ಹೆಸರನ್ನು ಉಳಿಯಿಂದ ಕೆತ್ತಿ ಅಳಿಸಿಹಾಕಿದರು.

ಈಗ ಎರಡು ಕಲ್ಲುಗಳನ್ನೂ ಜೊತೆಗಿಟ್ಟು ನೋಡಿ. ಒಂದರ ಮೇಲೆ ದೊರೆ ‘ತಪ್ಪು ನನ್ನದು’ ಎಂಬ ಅರ್ಥದಲ್ಲಿ ಬರೆಸುತ್ತಾನೆ. ಇನ್ನೊಂದರ ಮೇಲೆ ಅದೇ ದೊರೆಯ ಆಜ್ಞೆಯಿಂದ ಅದೇ ತಪ್ಪಿಗಾಗಿ ಮತ್ತೊಬ್ಬನ ಹೆಸರು ಅಳಿಯುತ್ತದೆ. ದೊರೆಗೆ ತಪ್ಪೊಪ್ಪಿಗೆ ಗೌರವ ತರುತ್ತದೆ. ಸೇವಕನಿಗೆ ಆ ಅವಕಾಶವೇ ಇಲ್ಲ. ಚರಿತ್ರೆಯ ಪರೀಕ್ಷೆಗೆ ಓದುವವರು ತು ದುಕ್ ಒಳ್ಳೆಯವನೋ ಕೆಟ್ಟವನೋ ಎಂದು ಕೇಳುತ್ತಾರೆ. ಈ ಎರಡು ಕಲ್ಲುಗಳ ನಡುವೆ ನದಿ ದಾಟುವಾಗ ಆ ಪ್ರಶ್ನೆ ನನಗೆ ಅಷ್ಟು ಉಪಯುಕ್ತ ಅನ್ನಿಸಲಿಲ್ಲ. ಫಾನ್ ತಾನ್ ಜಾನ್‌ನ ಹೆಸರನ್ನು 1886ರಲ್ಲಿ ದೊರೆ ದಾಂಗ್ ಖಾನ್ ಮತ್ತೆ ಗೌರವಕ್ಕೆ ತಂದ. ಈ ದಾಂಗ್ ಖಾನ್ ತು ದುಕ್‌ನ ದತ್ತುಮಕ್ಕಳಲ್ಲಿ ಒಬ್ಬ; ಅವನನ್ನು ಗದ್ದುಗೆಯ ಮೇಲೆ ಕೂರಿಸಿದವರು ಫ್ರೆಂಚರು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ತು ದುಕ್ ಏನು ಮಾಡಬಹುದಿತ್ತು? ದಾರಿ ತೋರಿಸಿದವನೊಬ್ಬ ಇದ್ದ. ನ್ಗುಯೆನ್ ಚುವಾಂಗ್ ತೋ ಎಂಬ ಕ್ಯಾಥೊಲಿಕ್ ವಿದ್ವಾಂಸ 1863ರಿಂದ 1871ರಲ್ಲಿ ಸಾಯುವವರೆಗೂ ದೊರೆಗೆ ಒಂದಾದ ಮೇಲೊಂದು ಬಿನ್ನವತ್ತಳೆ ಬರೆದ. ಗಣಿಗಾರಿಕೆ ಕಲಿಯೋಣ, ಯಂತ್ರವಿದ್ಯೆ, ಖಗೋಳ, ಭೂಗರ್ಭಶಾಸ್ತ್ರ ಕಲಿಸುವ ಶಾಲೆ ತೆರೆಯೋಣ, ತೆರಿಗೆ ಆಡಳಿತ ತಿದ್ದೋಣ ಎಂದ. ದೊರೆ ಅವನ್ನು ಓದದೆ ಬಿಸುಡಲಿಲ್ಲ. ಪುಸ್ತಕ, ಯಂತ್ರ, ಅಧ್ಯಾಪಕರನ್ನು ತರಲು 1867ರಲ್ಲಿ ಅವನನ್ನು ಫ್ರಾನ್ಸಿಗೂ ಕಳಿಸಿದ. ಆದರೆ ಅಷ್ಟರಲ್ಲಿ ಉಳಿದ ಮೂರು ಪ್ರಾಂತಗಳೂ ಹೋದವು, ಯೋಜನೆ ಮುರಿದುಬಿತ್ತು. ಮರುವರ್ಷ ಜಪಾನಿನಲ್ಲಿ ಮೇಜಿ ಯುಗ ಆರಂಭವಾಗಿ ಅದೇ ಬಗೆಯ ಕೆಲಸ ಭರದಿಂದ ನಡೆಯಿತು. ಹ್ವೇಯಲ್ಲಿ ಬಿನ್ನವತ್ತಳೆಗಳು ದಾಖಲೆಯಾಗಿ ಉಳಿದವು. ವಿಜ್ಞಾನ ಓದಿದವನ ಪಕ್ಷಪಾತವೋ ಏನೋ, ಖಿಯೆಮ್ ಆವರಣದ ಐವತ್ತು ಕಟ್ಟಡಗಳಲ್ಲಿ ಒಂದಾದರೂ ಚುವಾಂಗ್ ತೋ ಕೇಳಿದ ಶಾಲೆಯಾಗಿದ್ದರೆ ಎಂದು ನನ್ನ ಮನಸ್ಸು ಮತ್ತೆ ಮತ್ತೆ ಹೇಳುತ್ತಿತ್ತು.

1883ರ ಜುಲೈಯಲ್ಲಿ ತು ದುಕ್ ತೀರಿಕೊಂಡ. ತಿಂಗಳು ಕಳೆಯುವುದರಲ್ಲಿ ಫ್ರೆಂಚ್ ಹಡಗುಗಳು ನದಿಯ ಮುಖದ ತ್ವಾನ್ ಆನ್ ಕೋಟೆಗಳನ್ನು ಒಡೆದವು; ಆಗಸ್ಟ್ 25ರಂದು ಒಪ್ಪಂದ; ದೇಶ ಫ್ರೆಂಚರ ರಕ್ಷಿತ ರಾಜ್ಯವಾಯಿತು. ಗದ್ದುಗೆ ಏರಿದ ಮೊದಲ ದತ್ತುಮಗ ಮೂರೇ ದಿನ ದೊರೆಯಾಗಿದ್ದ. ಅವನ ನಂತರ ಬಂದ ತು ದುಕ್‌ನ ತಮ್ಮ ನಾಲ್ಕು ತಿಂಗಳು. ಆಮೇಲಿನ ದತ್ತುಮಗ ಕಿಯೆನ್ ಫುಕ್ 1884ರಲ್ಲಿ ಹದಿನೈದರ ವಯಸ್ಸಿನಲ್ಲಿ ಸತ್ತ. ಈ ಹುಡುಗನ ಸಮಾಧಿ ಖಿಯೆಮ್ ಆವರಣದೊಳಗೇ ಇದೆ. ಪಟ್ಟದರಾಣಿಯ ಸಮಾಧಿಯೂ ಇದೆ.

ಹಾಗಾದರೆ ತು ದುಕ್‌ನ ದೇಹ? ಶಾಸನದಾಚೆ ಅರ್ಧಚಂದ್ರಾಕಾರದ ಕೊಳ, ಅದರಾಚೆ ಸುತ್ತುಗೋಡೆಯೊಳಗೆ ಕಲ್ಲಿನ ಪುಟ್ಟ ಮನೆಯಂಥ ಸಮಾಧಿಯಿದೆ. ದೊರೆ ಅದರೊಳಗಿಲ್ಲ, ಎಲ್ಲೋ ಗುಟ್ಟಾಗಿ ಹೂತಿದ್ದಾರೆ, ಹೂತುಬಂದ ಇನ್ನೂರು ಮಂದಿ ಸೇವಕರ ತಲೆ ಕಡಿದರು ಎಂಬ ಕತೆಯನ್ನು ನಮ್ಮ ಮಾರ್ಗದರ್ಶಿ ದನಿ ತಗ್ಗಿಸಿ ಹೇಳಿದರು. ಚೆಂಗೀಸ್ ಖಾನನ ಬಗ್ಗೆಯೂ ಇದೇ ಕತೆಯಿದೆ. ಗುಟ್ಟು ತಿಳಿದವರೆಲ್ಲ ಸತ್ತಿದ್ದರೆ ಈ ಕತೆ ಹೇಳಿದವರು ಯಾರು ಎಂದು ನಮ್ಮ ಮಂಡ್ಯದ ಹುಡುಗ ಕೇಳಿದ. ಮಾರ್ಗದರ್ಶಿ ನಕ್ಕುಬಿಟ್ಟರು. ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಸಾಕ್ಷ್ಯವಿಲ್ಲದ ಇನ್ನೂರು ಸಾವುಗಳ ಕತೆಯನ್ನು ಅವರು ತಾವಾಗಿಯೇ ಹೇಳಿದರು. ದಾಖಲೆಯಲ್ಲಿರುವ ಒನಕೆಯ ದಂಗೆಯನ್ನು ನಾವು ಕೇಳಿದ ಮೇಲೆ ಹೇಳಿದರು, ಅದೂ ಎರಡೇ ವಾಕ್ಯಗಳಲ್ಲಿ. ಪ್ರವಾಸಿಗಳಿಗೆ ಅದರಲ್ಲಿ ಆಸಕ್ತಿಯಿಲ್ಲವಂತೆ.

ಹೊರಡುವ ಮುನ್ನ ಕ್ಯಾಮೆರಾವನ್ನು ಸುತ್ತುಗೋಡೆಯ ಹತ್ತಿರಕ್ಕೆ ಒಯ್ಯಲು ಹೇಳಿದೆ. ಪಾಚಿ ಹಿಡಿದ ಗೋಡೆ. ಒಂದು ಕಡೆ ಗಿಲಾವು ಕಳಚಿ ಇಟ್ಟಿಗೆಗಳ ನಡುವಿನ ಗಾರೆ ಕಾಣುತ್ತಿತ್ತು. ಉಗುರಿನಿಂದ ಕೆರೆದು ನೋಡಿದೆ. ಒಂದು ಕಣವೂ ಉದುರಲಿಲ್ಲ. ಹುಡುಗ ಅದನ್ನು ಹತ್ತಿರದಿಂದ, ತೀರ ಹತ್ತಿರದಿಂದ ಚಿತ್ರಿಸಿದ. ಕಾರ್ಯಕ್ರಮದಲ್ಲಿ ರಂಗಮಂದಿರದ ದೃಶ್ಯ ಮುಗಿದ ಕೂಡಲೇ ಮಾತಿಲ್ಲದೆ ಕೆಲವು ಕ್ಷಣ ಬರುವ ಬೂದುಬಣ್ಣದ ಚಿತ್ರವನ್ನು ನೀವು ಗಮನಿಸಿದ್ದರೆ, ಅದು ಈ ಗೋಡೆ.